70 ಮಿ.ಮೀ. ದೂರದರ್ಶಕದ ನಂತರ ಏನು ಕೊಳ್ಳಬೇಕು? ಅನುಭವಿಗಳು ತಿಳಿಸಿ

ಪ್ರಶ್ನೆ: ಶಿವಮೊಗ್ಗದ ನಮ್ಮ ಮನೆಯ ತಾರಸಿಯಿಂದ ಮಗಳೊಂದಿಗೆ ಆಕಾಶ ನೋಡಲೆಂದು 2025ರ ಆರಂಭದಲ್ಲಿ 70 ಮಿ.ಮೀ. ವ್ಯಾಸದ, 700 ಮಿ.ಮೀ. ಸಂಗಮದೂರದ (ಮಸೂರದಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಮಸೂರದ ದೂರದರ್ಶಕವೊಂದನ್ನು ಕೊಂಡೆ. ಚಂದ್ರ ಚೆನ್ನಾಗಿ ಕಾಣುತ್ತಾನೆ. ಆದರೆ ಪೆಟ್ಟಿಗೆಯ ಮೇಲೆ 525 ಪಟ್ಟು ಎಂದು ಬರೆದಿದ್ದರೂ ಆ ವರ್ಷವಿಡೀ ಶನಿಯ ಬಳೆ ಸರಿಯಾಗಿ ಕಾಣಲಿಲ್ಲ. ಬೇರೆ ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಮಸೂರ) ಕೊಳ್ಳಲೇ, ದೊಡ್ಡ ದೂರದರ್ಶಕಕ್ಕೇ ಹೋಗಲೇ?

ಉತ್ತರ 1: ಬಳೆ ಕಾಣದಿದ್ದುದಕ್ಕೆ ಪೂರ್ತಿ ದೂರದರ್ಶಕವನ್ನು ದೂರಬೇಡಿ. 2025ರ ಮಾರ್ಚಿನಲ್ಲಿ ಶನಿಯ ಬಳೆಗಳು ನಮ್ಮ ಕಡೆಗೆ ಅಂಚನ್ನು ತಿರುಗಿಸಿದ್ದವು, ವರ್ಷದ ಉಳಿದ ತಿಂಗಳುಗಳಲ್ಲೂ ತೆಳುವಾದ ಗೆರೆಯಂತೆಯೇ ಇದ್ದವು. ಇನ್ನು ಮುಂದೆ ವರ್ಷದಿಂದ ವರ್ಷಕ್ಕೆ ಅವು ಅಗಲವಾಗಿ ಕಾಣತೊಡಗುತ್ತವೆ. ಇನ್ನು 525ರ ಗುಟ್ಟು: ದೂರದರ್ಶಕದ ಸಂಗಮದೂರ 700ನ್ನು ಐಪೀಸಿನ ಸಂಗಮದೂರ 4 ಮಿ.ಮೀ.ನಿಂದ ಭಾಗಿಸಿದರೆ 175 ಪಟ್ಟು, ಅದರ ಜೊತೆಗೆ ಬಿಂಬವನ್ನು ಇನ್ನೂ 3 ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ ಕೂರಿಸಿದರೆ 525. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅಷ್ಟು ಹಿಗ್ಗಿಸಲು ಬೇಕಾದ ಬೆಳಕು 70 ಮಿ.ಮೀ.ಗೆ ಸಿಗುವುದೇ ಇಲ್ಲ. ವ್ಯಾಸದ ಪ್ರತಿ ಮಿ.ಮೀ.ಗೆ 2 ಪಟ್ಟು, ಅಂದರೆ 140ರ ಆಚೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ. ನಾನೂ ಎರಡು ತಿಂಗಳು ಆ 4 ಮಿ.ಮೀ. ಐಪೀಸಿನೊಂದಿಗೆ ಗುದ್ದಾಡಿದ್ದೆ. ಫೋಕಸ್ ಗುಂಡಿ ಮುಟ್ಟಿದರೆ ಸಾಕು, ಗ್ರಹ ಕುಣಿಯುತ್ತಿತ್ತು. ಕುಣಿತ ನಿಲ್ಲುವ ಹೊತ್ತಿಗೆ ನೋಟದಿಂದಲೇ ಜಾರಿರುತ್ತಿತ್ತು. ಕೊನೆಗೆ ಟ್ರೈಪಾಡಿನ ಕಾಲುಗಳನ್ನು ಎಳೆಯದೆ ಗಿಡ್ಡವಾಗಿಯೇ ನಿಲ್ಲಿಸಿ, ನಡುವೆ ಮರಳಿನ ಚೀಲ ತೂಗುಹಾಕಿ, ಸ್ಟೂಲಿನ ಮೇಲೆ ಕುಳಿತು ನೋಡಿದೆ. 25 ಮಿ.ಮೀ. ಐಪೀಸಿನಲ್ಲಿ ಹುಡುಕಿ ಹಿಡಿದು, ಒಳ್ಳೆಯ 10 ಮಿ.ಮೀ. ಪ್ಲಾಸಲ್ ಮಾದರಿಯ ಐಪೀಸ್ ಹಾಕಿದ ಮೇಲೆ, ಬರೀ 70 ಪಟ್ಟಿನಲ್ಲೇ ಗುರುವಿನ ಪಟ್ಟಿಗಳು ಸ್ಪಷ್ಟವಾದವು. ಮೊದಲು ಇಷ್ಟು ಮಾಡಿ ನೋಡಿ.

ಉತ್ತರ 2: ದೊಡ್ಡದಕ್ಕೆ ಹೋಗುವುದಾದರೆ ನಿಜವಾಗಿ ದೊಡ್ಡದಕ್ಕೇ ಹೋಗಿ. ನಾನು 114 ಮಿ.ಮೀ. ಕನ್ನಡಿಯದನ್ನು ಕೊಂಡು ಕೈಸುಟ್ಟುಕೊಂಡವನು: ಸಂಗಮದೂರ 1000 ಮಿ.ಮೀ. ಎಂದಿದ್ದರೂ ಕೊಳವೆ ಅದರ ಅರ್ಧದಷ್ಟೂ ಉದ್ದವಿರಲಿಲ್ಲ, ಆ ಕೊರತೆ ತುಂಬಲು ಫೋಕಸರಿನೊಳಗೆ ಇಟ್ಟಿದ್ದ ಕಳಪೆ ಮಸೂರದಿಂದಾಗಿ ಬಿಂಬ ಒಂದು ದಿನವೂ ಚೂಪಾಗಲಿಲ್ಲ. ಈಗಿರುವುದು 150 ಮಿ.ಮೀ. ಡಾಬ್ಸೋನಿಯನ್, ಅಂದರೆ ಪೆಟ್ಟಿಗೆಯಂಥ ಪೀಠದ ಮೇಲೆ ಕೂರುವ ಕನ್ನಡಿ ದೂರದರ್ಶಕ. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ ಬಳಕೆಗೆ ತಂದ ಈ ಮರದ ಪೆಟ್ಟಿಗೆಯಂಥ ಪೀಠ ಅಗ್ಗದ್ದು, ನಡುಗುವುದಿಲ್ಲ. ಹಾಗಾಗಿ ಕೊಟ್ಟ ಹಣದ ಹೆಚ್ಚಿನ ಪಾಲು ಕನ್ನಡಿಗೇ ಸಲ್ಲುತ್ತದೆ. ನಿಮ್ಮದಕ್ಕಿಂತ ನಾಲ್ಕೂವರೆ ಪಟ್ಟು ಬೆಳಕು ಹಿಡಿಯುವ ಇದರಲ್ಲಿ, ಏಪ್ರಿಲ್-ಮೇ ರಾತ್ರಿಗಳಲ್ಲಿ ನಮ್ಮ ದಕ್ಷಿಣ ಬಾನಿನಲ್ಲಿ ತಗ್ಗಿನಲ್ಲೇ ಸಾಗುವ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛವು ಚಿರೋಟಿ ರವೆ ಚೆಲ್ಲಿದಂತೆ ಕಾಣುತ್ತದೆ. 70ರಲ್ಲಿ ಅದು ಬರೀ ಮಂಜಿನ ಉಂಡೆಯಾಗಿತ್ತು. ಕಷ್ಟಗಳೂ ಇವೆ. ಹೆಚ್ಚುಕಡಿಮೆ ಮಗಳಷ್ಟೇ ಎತ್ತರದ ಕೊಳವೆಯನ್ನು ಮೆಟ್ಟಿಲು ಹತ್ತಿಸಬೇಕು, ಕನ್ನಡಿಗಳನ್ನು ಆಗಾಗ ಸರಿಹೊಂದಿಸಿಕೊಳ್ಳಬೇಕು, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಇಟ್ಟು ಕಾಯಬೇಕು.

ಉತ್ತರ 3: ಇಬ್ಬರೂ ಹೇಳದ ಒಂದು ಮಾತು. ನಿಮ್ಮ ಪೆಟ್ಟಿಗೆಯಲ್ಲಿ ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜಿನ ಸೂರ್ಯ ಫಿಲ್ಟರ್ ಇದ್ದರೆ ಮಗಳ ಕೈಗೆ ಸಿಗುವ ಮುನ್ನ ಒಡೆದು ಬಿಸಾಡಿ. ಕೊಳವೆಯೊಳಗೆ ಕೇಂದ್ರೀಕರಿಸಿದ ಶಾಖಕ್ಕೆ ಅದು ನೋಡನೋಡುತ್ತಲೇ ಬಿರುಕು ಬಿಡಬಹುದು; ಸೂರ್ಯನಿಗೆಂದೇ ತಯಾರಾದ ಫಿಲ್ಟರ್ ಕೊಳವೆಯ ಮುಂಬಾಯಿಗೇ ಭದ್ರವಾಗಿ ಕೂರಬೇಕು.