ಶಿಕ್ಷಕರ ಲೈಂಗಿಕ ದುರ್ನಡತೆ: ಶಾಲೆಯ ಆಡಳಿತ ಮಂಡಳಿ ಕಾನೂನಿನ ಮುಂದೆ ಎಷ್ಟರಮಟ್ಟಿಗೆ ಹೊಣೆ?

ಪ್ರಶ್ನೆ – ಮಂಡಳಿಯ ಸದಸ್ಯ, ತೀರ್ಥಹಳ್ಳಿ ತಾಲ್ಲೂಕು

ನಮ್ಮ ಭಾಗದ ಅನುದಾನಿತ ಪ್ರೌಢಶಾಲೆಯೊಂದರ ಆಡಳಿತ ಮಂಡಳಿಯಲ್ಲಿ ನಾನೊಬ್ಬ ಸದಸ್ಯ. ಶಾಲೆ ಯಾವುದು, ಮಗು ಯಾರು ಎಂಬುದಕ್ಕೆ ಸುಳಿವು ಕೊಡುವ ವಿವರಗಳನ್ನು ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬಾರದು. ಸಂಜೆಯ ವಿಶೇಷ ತರಗತಿ ಮುಗಿದ ಮೇಲೂ ಶಿಕ್ಷಕರೊಬ್ಬರು ತಮ್ಮ ಮಗಳನ್ನು ಮಾತ್ರ ಉಳಿಸಿಕೊಂಡು ಮೈ ಮುಟ್ಟುತ್ತಾರೆ, ರಾತ್ರಿ ಮೊಬೈಲಿಗೆ ಅಸಭ್ಯ ಸಂದೇಶ ಕಳುಹಿಸುತ್ತಾರೆ ಎಂದು ತಾಯಿಯೊಬ್ಬರು ಮುಖ್ಯೋಪಾಧ್ಯಾಯರಲ್ಲಿ ಹೇಳಿಕೊಂಡಿದ್ದಾರೆ. ವಿಷಯ ಮಂಡಳಿಯ ಸಭೆಗೆ ಬಂದಾಗ ಹಿರಿಯ ಸದಸ್ಯರೊಬ್ಬರು, ಆ ಶಿಕ್ಷಕರಿಂದ ಸದ್ದಿಲ್ಲದೆ ರಾಜೀನಾಮೆ ಬರೆಸಿಕೊಂಡರೆ ಶಾಲೆಯ ಮಾನವೂ ಉಳಿಯುತ್ತದೆ, ಹುಡುಗಿಯ ಭವಿಷ್ಯವೂ ಉಳಿಯುತ್ತದೆ ಎಂದರು. ಮೊದಲು ನಾವೇ ವಿಚಾರಣೆ ನಡೆಸಿ ಸತ್ಯ ತಿಳಿದುಕೊಳ್ಳೋಣ ಎಂದು ಇನ್ನೊಬ್ಬರು ಹೇಳಿದರು. ತೀರ್ಮಾನವಾಗದೆ ಸಭೆ ಮುಂದಕ್ಕೆ ಹೋಗಿದೆ.

ನನ್ನ ಸಂದೇಹ ಇಷ್ಟೇ. ತಪ್ಪು ಮಾಡಿದವರು ಶಿಕ್ಷಕರು. ಅವರಿಗೆ ಸಂಬಳ ಕೊಡುವುದು ಸರ್ಕಾರ. ಹೀಗಿರುವಾಗ ಮಂಡಳಿಯ ಮೇಲೆ ಹೊಣೆ ಬರುತ್ತದೆಯೇ? ಬಂದರೆ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಿಗೆ ಮಾತ್ರವೋ, ನನ್ನಂಥ ಸಾಮಾನ್ಯ ಸದಸ್ಯರಿಗೂ ಉಂಟೋ? ಅಮೆರಿಕದಲ್ಲಿ ಇಂಥ ಪ್ರಕರಣಗಳಿಗೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳೇ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗಳು) ದೊಡ್ಡ ಮೊತ್ತದ ಪರಿಹಾರ ಕೊಡುತ್ತವೆಂದು ಓದಿದ್ದೇನೆ. ನಮ್ಮಲ್ಲಿಯೂ ಹಾಗೆಯೇ ಇದೆಯೇ?

ಉತ್ತರ – ವಕೀಲರು, ಶಿವಮೊಗ್ಗ

ಮಾನ್ಯರೇ, ತಮ್ಮ ಸಭೆ ಮುಂದಕ್ಕೆ ಹೋಗಿರಬಹುದು, ಆದರೆ ಕಾನೂನು ಹೇರಿರುವ ಕರ್ತವ್ಯ ಮುಂದಕ್ಕೆ ಹೋಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದಿರುವ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಅದನ್ನು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದವರಿಗೆ 21ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ಕಲಮಿನ ಎರಡನೆಯ ಉಪಕಲಮು ತಮ್ಮಂಥ ಸಂಸ್ಥೆಗಳನ್ನೇ ಉದ್ದೇಶಿಸಿದ್ದು: ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಅಧೀನದ ನೌಕರನ ಅಪರಾಧವನ್ನು ವರದಿ ಮಾಡದೆ ಹೋದರೆ ಶಿಕ್ಷೆ ಒಂದು ವರ್ಷದವರೆಗೆ ಏರುತ್ತದೆ, ಜೊತೆಗೆ ದಂಡವೂ ಇರುತ್ತದೆ.

ಆದ್ದರಿಂದ ಸಂಬಳ ಯಾರ ಖಜಾನೆಯಿಂದ ಬರುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ಆ ಶಿಕ್ಷಕರು ಯಾರ ಅಧೀನದಲ್ಲಿ ಕೆಲಸ ಮಾಡುತ್ತಿದ್ದರು, ವಿಷಯ ಯಾರ ಕಿವಿಗೆ ಬಿತ್ತು ಎಂಬುದೇ ಮುಖ್ಯ. ನನ್ನ ಅಭಿಪ್ರಾಯದಲ್ಲಿ ಮುಖ್ಯೋಪಾಧ್ಯಾಯರು, ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಎರಡನೆಯ ಉಪಕಲಮಿನ ವ್ಯಾಪ್ತಿಗೆ ನೇರವಾಗಿ ಬರುತ್ತಾರೆ. ಉಸ್ತುವಾರಿ ತಮ್ಮದಲ್ಲ ಎಂದು ತಾವು ವಾದಿಸಬಹುದು; ಆದರೆ ಸಭೆಯಲ್ಲಿ ಕುಳಿತು ಕೇಳಿಸಿಕೊಂಡಿದ್ದೀರಿ, ಹಾಗಾಗಿ ಮೊದಲ ಉಪಕಲಮಿನಿಂದ ತಪ್ಪಿಸಿಕೊಳ್ಳಲಾರಿರಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಬರೆದರೆ ಸಾಕು ಎಂಬ ನಂಬಿಕೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಬಲವಾಗಿದೆ. ಅದು ಇಲಾಖೆಗೆ ಕೊಡುವ ಮಾಹಿತಿಯೇ ಹೊರತು 19ನೆಯ ಕಲಮು ಕೇಳುವ ವರದಿಯಲ್ಲ.

ಸ್ವಂತ ವಿಚಾರಣೆಯ ಸಲಹೆಯ ಬಗ್ಗೆಯೂ ಹೇಳಬೇಕು. ಕೇರಳದ ಆಸ್ಪತ್ರೆಯೊಂದರ ವೈದ್ಯರಿಗೆ ಸಂಬಂಧಿಸಿದ 2018ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪರಾಧದ ಮಾಹಿತಿ ತಲುಪಿದವರು ಮಾತ್ರ ವರದಿ ಮಾಡಲು ಬದ್ಧರು, ತಾವೇ ತನಿಖೆ ಮಾಡಿ ಅಪರಾಧವನ್ನು ಪತ್ತೆ ಹಚ್ಚುವ ಹೊರೆ ಅವರ ಮೇಲಿಲ್ಲ ಎಂದು ಹೇಳಿ ಆ ವೈದ್ಯರನ್ನು ಬಿಡುಗಡೆ ಮಾಡಿತು. ಈ ತೀರ್ಪು ಮಂಡಳಿಯ ಪರವಾಗಿದೆ ಎಂದು ಯಾರಾದರೂ ವಾದಿಸಿದರೆ ಒಪ್ಪಬೇಡಿ. ತಮ್ಮ ಪ್ರಕರಣದಲ್ಲಿ ತಾಯಿಯೇ ಬಂದು ಹೇಳಿದ್ದಾರೆ, ಮಾಹಿತಿ ತಲುಪಿಯಾಗಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದ ವಿದ್ಯಾರ್ಥಿನಿಲಯದ ಪ್ರಕರಣದಲ್ಲಿ, ಬಾಲಕಿಯರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟ್ ರದ್ದುಪಡಿಸಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧವೆಂದೂ ಬಹುಪಾಲು ಅದು ಅಪರಾಧಿಯನ್ನು ಕಾಪಾಡುವ ಪ್ರಯತ್ನವೆಂದೂ ಹೇಳಿತು.

ತಾಯಿ ಹೇಳಿರುವುದು ಸಾಬೀತಾದರೆ ಶಿಕ್ಷಕರ ಮೇಲಿನ ಆರೋಪ ಸಾಮಾನ್ಯ ಸ್ವರೂಪದ್ದಲ್ಲ. ಶಿಕ್ಷಣ ಸಂಸ್ಥೆಯ ಆಡಳಿತಗಾರ ಅಥವಾ ಸಿಬ್ಬಂದಿ ಅದೇ ಸಂಸ್ಥೆಯ ಮಗುವಿನ ಮೇಲೆ ಎಸಗುವ ಕೃತ್ಯವನ್ನು ಪೋಕ್ಸೊ ತೀವ್ರತರ ಅಪರಾಧವೆಂದು ಪರಿಗಣಿಸುತ್ತದೆ. ಲೈಂಗಿಕ ಉದ್ದೇಶದಿಂದ ಮುಟ್ಟಿದ್ದಕ್ಕೇ ಕನಿಷ್ಠ 5 ವರ್ಷದ ಶಿಕ್ಷೆಯಿದೆ; ಅತ್ಯಾಚಾರದ ಸ್ವರೂಪದ ಕೃತ್ಯಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ. ಮೊಬೈಲಿನ ಸಂದೇಶಗಳನ್ನು ಅಳಿಸದಂತೆ ತಾಯಿಗೆ ಹೇಳಿಸಿ.

ಪ್ರತಿಕ್ರಿಯೆ – ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

ವಕೀಲರು ಕಾನೂನನ್ನು ಹೇಳಿದ್ದಾರೆ. ನಾನು ರಾಜೀನಾಮೆಯ ಸಲಹೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಸದ್ದಿಲ್ಲದೆ ರಾಜೀನಾಮೆ ಕೊಟ್ಟ ಶಿಕ್ಷಕರು ಘಟ್ಟದ ಮೇಲಿನ ಒಂದು ಊರಿನಿಂದ ಇನ್ನೊಂದು ಊರಿಗೆ, ಒಳ್ಳೆಯ ನಡತೆಯ ಪ್ರಮಾಣಪತ್ರದೊಂದಿಗೆ ಹೋಗಿ ಸೇರಿಕೊಳ್ಳುತ್ತಾರೆ. ಒಳನಾಡಿನ ಶಾಲೆಗಳಿಗೆ ಗಣಿತ, ವಿಜ್ಞಾನದ ಶಿಕ್ಷಕರು ಸಿಗುವುದೇ ಕಷ್ಟವಾಗಿರುವುದರಿಂದ ಹಿಂದಿನ ಶಾಲೆ ಏಕೆ ಬಿಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಇದೇ ಕೆಲಸವನ್ನು ವರ್ಗಾವಣೆ ಮಾಡುತ್ತದೆ. ನಮ್ಮ ಕಾಲದಲ್ಲಿ ಹಿರಿಯರು ಕುಳಿತು ಮುಚ್ಚಳಿಕೆ ಬರೆಸಿಕೊಂಡರೆ ಪ್ರಕರಣ ಮುಗಿಯಿತೆಂದೇ ಲೆಕ್ಕ. 2020ರ ಪೋಕ್ಸೊ ನಿಯಮಗಳು ಶಾಲೆಯ ಪ್ರತಿಯೊಬ್ಬ ಸಿಬ್ಬಂದಿಯ, ಗುತ್ತಿಗೆಯವರೂ ಸೇರಿದಂತೆ, ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕೆಂದು ಹೇಳುತ್ತವೆ. ಆದರೆ ಹಿಂದಿನ ಶಾಲೆ ದೂರನ್ನೇ ಕೊಟ್ಟಿರದಿದ್ದರೆ ಆ ಪರಿಶೀಲನೆಯಲ್ಲಿ ಸಿಗುವುದಾದರೂ ಏನು?

ಇನ್ನೊಂದು ಮಾತು. ಶಿಸ್ತುಕ್ರಮವೂ ಪೊಲೀಸ್ ಪ್ರಕರಣವೂ ಬೇರೆ ಬೇರೆ. ಒಂದು ಮುಗಿಯಲಿ ಎಂದು ಇನ್ನೊಂದನ್ನು ಕಾಯಿಸಬೇಕಿಲ್ಲ. ಮಂಡಳಿಯ ಮುಂದೆ ಮಗುವನ್ನು ನಿಲ್ಲಿಸಿ, ಎದುರಿಗೆ ಆ ಶಿಕ್ಷಕರನ್ನೂ ಕೂರಿಸಿ ಪ್ರಶ್ನೆ ಕೇಳುವ ವಿಚಾರಣೆಯನ್ನಂತೂ ದಯವಿಟ್ಟು ಮಾಡಬೇಡಿ. ನವೋದಯ ವಿದ್ಯಾಲಯ ಸಮಿತಿಯ ಶಿಕ್ಷಕರೊಬ್ಬರ ವಜಾ ಪ್ರಕರಣದಲ್ಲಿ, ಬಾಲಕಿಯರನ್ನು ಪಾಟೀಸವಾಲಿಗೆ ಒಡ್ಡಬಾರದೆಂಬ ಕಾರಣಕ್ಕೆ ಎಂದಿನ ಇಲಾಖಾ ವಿಚಾರಣೆಯನ್ನು ಕೈಬಿಟ್ಟ ಕ್ರಮವನ್ನು ಸುಪ್ರೀಂ ಕೋರ್ಟ್ ಹಿಂದೆಯೇ, ಅಂದರೆ ಪೋಕ್ಸೊ ಬರುವುದಕ್ಕೂ ಬಹಳ ಮೊದಲೇ, ಎತ್ತಿಹಿಡಿದಿದೆ.

ಪ್ರತಿಕ್ರಿಯೆ – ಹೊಸನಗರದ ಕಡೆಯವನು, ಈಗ ಟೆಕ್ಸಾಸ್

ಅಮೆರಿಕದ ಬಗ್ಗೆ ಕೇಳಿದ್ದೀರಿ. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ನಮ್ಮ ಶಿಕ್ಷಣ ಜಿಲ್ಲೆಯಂತಲ್ಲ. ಬಹುತೇಕ ಕಡೆ ಅದಕ್ಕೆ ಚುನಾಯಿತ ಮಂಡಳಿ ಇರುತ್ತದೆ, ತೆರಿಗೆಯ ಆದಾಯವಿರುತ್ತದೆ, ಅದರ ಮೇಲೆ ದಾವೆ ಹೂಡಬಹುದು. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನಿನಡಿ ವಿದ್ಯಾರ್ಥಿಯು ಹಣದ ಪರಿಹಾರ ಕೇಳಬಹುದೆಂದು 1992ರಲ್ಲಿ ಜಾರ್ಜಿಯಾದ ಗ್ವಿನೆಟ್ ಕೌಂಟಿಯ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1998ರಲ್ಲಿ, ನಾನಿರುವ ರಾಜ್ಯದ್ದೇ ಆದ ಲೇಗೋ ವಿಸ್ಟಾ ಪ್ರಕರಣದಲ್ಲಿ, ಐದಕ್ಕೆ ನಾಲ್ಕು ಮತಗಳಿಂದ ಅದೇ ನ್ಯಾಯಾಲಯ ಆ ದಾರಿಯನ್ನು ಕಿರಿದಾಗಿಸಿತು. ಕ್ರಮ ಕೈಗೊಳ್ಳುವ ಅಧಿಕಾರವಿದ್ದ ಅಧಿಕಾರಿಗೆ ವಿಷಯ ನಿಜವಾಗಿಯೂ ತಿಳಿದಿರಬೇಕು, ತಿಳಿದೂ ಬೇಕೆಂದೇ ಉದಾಸೀನ ಮಾಡಿರಬೇಕು. ಆಗ ಮಾತ್ರ ಡಿಸ್ಟ್ರಿಕ್ಟ್ ಹೊಣೆ.

ಆ ಪ್ರಕರಣದ ಒಂದು ಸಂಗತಿ ನಿಮ್ಮ ಮಂಡಳಿಯವರು ಗಮನಿಸುವಂಥದ್ದು. ಆ ಶಿಕ್ಷಕನು ತರಗತಿಯಲ್ಲಿ ಅಸಭ್ಯವಾಗಿ ಮಾತನಾಡುತ್ತಾನೆಂದು ಬೇರೆ ಮಕ್ಕಳ ಪೋಷಕರು ಪ್ರಿನ್ಸಿಪಾಲರಿಗೆ ಮೊದಲೇ ದೂರಿದ್ದರು. ಪ್ರಿನ್ಸಿಪಾಲರು ಕರೆಸಿ ಬುದ್ಧಿ ಹೇಳಿದರೇ ಹೊರತು ಮೇಲಧಿಕಾರಿಗೆ ತಿಳಿಸಲಿಲ್ಲ. ತಿಳಿಸದಿದ್ದುದೇ ಕೊನೆಗೆ ಡಿಸ್ಟ್ರಿಕ್ಟಿಗೆ ಅನುಕೂಲವಾಯಿತು! ಅಂದರೆ ಕೆಳಗಿನವರ ಮೌನ ಮೇಲಿನವರಿಗೆ ರಕ್ಷಣೆಯಾಯಿತು. ಭಾರತದ ಕಾನೂನು, ವಕೀಲರು ವಿವರಿಸಿದಂತೆ, ಆ ಕೆಳಗಿನವರನ್ನೇ ಮೊದಲು ಹಿಡಿಯುತ್ತದೆ. ಈ ಒಂದು ವಿಷಯದಲ್ಲಿ ನಮ್ಮದೇ ಉತ್ತಮವೆಂದು ನನಗನ್ನಿಸುತ್ತದೆ. ನೀವು ಓದಿರುವ ದೊಡ್ಡ ಮೊತ್ತಗಳು ಹೆಚ್ಚಾಗಿ ರಾಜ್ಯಗಳ ನಿರ್ಲಕ್ಷ್ಯದ ಕಾನೂನಿನಡಿ ಬಂದಿರುತ್ತವೆ. ಕ್ಯಾಲಿಫೋರ್ನಿಯಾ 2020ರಿಂದ ಮೂರು ವರ್ಷ, ಕಾಲಮಿತಿ ಮೀರಿದ ಹಳೆಯ ಪ್ರಕರಣಗಳಿಗೂ ದಾವೆ ಹೂಡಲು ಅವಕಾಶ ಕೊಟ್ಟಿತ್ತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂದು ಕಾರ್ಯದರ್ಶಿಗಳಿಗೆ ಇವುಗಳನ್ನು ಓದಿ ಹೇಳಿದೆ. ಅವರ ಉತ್ತರ: ‘ತಾಯಿಯೇ ಪೊಲೀಸರ ಬಳಿಗೆ ಹೋಗುವುದು ಬೇಡ ಎನ್ನುತ್ತಿದ್ದಾರೆ, ತಂದೆ ರಾಜಿಗೆ ಒಪ್ಪಿದ್ದಾರೆ, ಅವರಿಗಿಲ್ಲದ ಹಟ ನಮಗೇಕೆ?’ ಊರು ಸಣ್ಣದು, ಜೀಪು ಬಂದರೆ ಯಾರ ಮನೆಗೆಂದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ ಎಂಬ ಭಯ ಆ ತಾಯಿಗೆ ಇರುವುದು ಸುಳ್ಳಲ್ಲ. ದೂರು ಸುಳ್ಳಾದರೆ ನಮ್ಮ ಮೇಲೆ ಮಾನನಷ್ಟದ ಮೊಕದ್ದಮೆ ಬರುತ್ತದೆಂಬ ಮಾತೂ ಬಂತು.

ಪ್ರತಿಕ್ರಿಯೆ – ಮಕ್ಕಳ ಆಪ್ತಸಮಾಲೋಚಕಿ, ಶಿವಮೊಗ್ಗ

ಆ ತಾಯಿಯ ಭಯಕ್ಕೆ ಮೊದಲು ಉತ್ತರ ಕೊಡಬೇಕು, ಏಕೆಂದರೆ ಮಂಡಳಿಯವರು ಅದನ್ನೇ ಮುಂದಿಟ್ಟುಕೊಂಡು ಕುಳಿತಿದ್ದಾರೆ. ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸುವ ಸ್ಥಳದಲ್ಲಿ ಪಡೆಯಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಕೂಡದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಬಾಲಕಿಯ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ, ಮಗುವಿಗೆ ನಂಬಿಕೆಯಿರುವವರ ಎದುರಿನಲ್ಲಿ ಮಾಡಬೇಕು. ಇವೆಲ್ಲ ಬರಹದಲ್ಲಿರುವಂತೆ ಸದಾ ನಡೆಯುತ್ತವೆ ಎಂದು ನಾನು ಹೇಳಲಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಮೊದಲೇ ಕರೆ ಮಾಡಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ನಡೆಯುವ ಸಾಧ್ಯತೆ ಹೆಚ್ಚು. ಪೊಲೀಸರು 24 ಗಂಟೆಯೊಳಗೆ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಅಲ್ಲಿಂದ ಮುಂದೆ ತನಿಖೆ, ವಿಚಾರಣೆಯ ಉದ್ದಕ್ಕೂ ನೆರವಾಗಲು ಮಗುವಿಗೆ ಬೆಂಬಲ ವ್ಯಕ್ತಿಯೊಬ್ಬರನ್ನು ಸಮಿತಿ ಒದಗಿಸಬಹುದು.

ಶಾಲೆಯವರು ಈ ನಡುವೆ ಮಾಡಬೇಕಾದ ಒಂದು ಕೆಲಸವಿದೆ. ಆ ಮಗು ಮತ್ತು ಆ ಶಿಕ್ಷಕರು ಒಂದೇ ಕಟ್ಟಡದಲ್ಲಿ ಇರದಂತೆ ನೋಡಿಕೊಳ್ಳಿ. ಮಗುವನ್ನು ಮನೆಯಲ್ಲಿ ಉಳಿಸಿ ಶಿಕ್ಷಕರನ್ನು ಶಾಲೆಯಲ್ಲಿ ಉಳಿಸುವುದು ಆ ವ್ಯವಸ್ಥೆಯಲ್ಲ.

ಉತ್ತರ – ವಕೀಲರು, ಶಿವಮೊಗ್ಗ

ಪೋಷಕರು ಬೇಡವೆಂದರೂ 19ನೆಯ ಕಲಮಿನ ಕರ್ತವ್ಯ ಹೋಗುವುದಿಲ್ಲ; ಅಲ್ಲಿ ಪೋಷಕರ ಒಪ್ಪಿಗೆಯ ಮಾತೇ ಇಲ್ಲ. ರಾಜಿಯ ವಿಷಯದಲ್ಲಿ 2024ರ ನವೆಂಬರ್ 7ರ ಸುಪ್ರೀಂ ಕೋರ್ಟ್ ತೀರ್ಪನ್ನು ಕಾರ್ಯದರ್ಶಿಗಳಿಗೆ ತೋರಿಸಿ. ರಾಜಸ್ಥಾನದ ಶಿಕ್ಷಕರೊಬ್ಬರ ಮೇಲಿನ ಪ್ರಕರಣವನ್ನು, ಬಾಲಕಿಯ ತಂದೆ ರಾಜಿಯಾದರೆಂಬ ಕಾರಣಕ್ಕೆ ಅಲ್ಲಿನ ಹೈಕೋರ್ಟ್ ರದ್ದುಪಡಿಸಿತ್ತು. ಪ್ರಕರಣದ ಕಕ್ಷಿದಾರರೇ ಅಲ್ಲದ ಊರಿನವರು ಅದನ್ನು ಪ್ರಶ್ನಿಸಿದರು. ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವ್ಯಾಜ್ಯವಲ್ಲವೆಂದು ಹೇಳಿ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಮರಳಿ ಜೀವಂತಗೊಳಿಸಿತು. ಮಾನನಷ್ಟದ ಭಯಕ್ಕೆ ಉತ್ತರ 19ನೆಯ ಕಲಮಿನಲ್ಲೇ ಇದೆ: ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಹೊಣೆಯೂ ಇಲ್ಲ, ಕ್ರಿಮಿನಲ್ ಹೊಣೆಯೂ ಇಲ್ಲ. ದ್ವೇಷದಿಂದ ಬೇಕೆಂದೇ ಸುಳ್ಳು ದೂರು ಕೊಡುವುದು ಬೇರೆಯೇ ಮಾತು.

ಪರಿಹಾರದ ಪ್ರಶ್ನೆ ಉಳಿದಿತ್ತು. ಎಫ್‌ಐಆರ್ ದಾಖಲಾದ ನಂತರ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರಕ್ಕೂ ಆದೇಶಿಸಬಹುದು, ಅದನ್ನು ರಾಜ್ಯ ಸರ್ಕಾರ 30 ದಿನಗಳಲ್ಲಿ ಕೊಡಬೇಕು. ನೌಕರನ ಕೃತ್ಯಕ್ಕೆ ಸಂಸ್ಥೆಯೇ ಹಣ ತೆರಬೇಕೆಂಬ ವಾದಕ್ಕೆ ನಮ್ಮಲ್ಲಿ ಬಲವಾದ ಆಧಾರ ಚಂದ್ರಿಮಾ ದಾಸ್ ಪ್ರಕರಣ: ಹೌರಾ ನಿಲ್ದಾಣದ ಯಾತ್ರಿ ನಿವಾಸದಲ್ಲಿ ನೌಕರರಿಂದ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಮಹಿಳೆಗೆ ರೈಲ್ವೆ 10 ಲಕ್ಷ ರೂಪಾಯಿ ಕೊಡಬೇಕೆಂಬ ಆದೇಶವನ್ನು 2000ದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಸರ್ಕಾರಿ ಸಂಸ್ಥೆಯ ಮಾತು. ಖಾಸಗಿ ಟ್ರಸ್ಟಿನ ಮೇಲೆ ನಿರ್ಲಕ್ಷ್ಯದ ಸಿವಿಲ್ ದಾವೆ ಹೂಡಬಹುದು, ಆದರೆ ಅದು ವರ್ಷಗಟ್ಟಲೆ ಎಳೆಯುವ ದಾರಿ. ಹಾಗಾಗಿ ನಮ್ಮಲ್ಲಿ ಮಂಡಳಿಯವರು ಹೆದರಬೇಕಾದದ್ದು ಹಣದ ತೀರ್ಪಿಗಿಂತ 21ನೆಯ ಕಲಮಿಗೆ.

ತಾವು ಮುಂದಿನ ಸಭೆಗಾಗಿ ಕಾಯಬೇಡಿ. ಇವತ್ತೇ ಲಿಖಿತ ಮಾಹಿತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಊರಿನ ಠಾಣೆ ಬೇಡವೆನಿಸಿದರೆ ಬೇರೆ ಠಾಣೆಯಲ್ಲೂ ಕೊಡಬಹುದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಅದಕ್ಕೆ ಅವಕಾಶ ಕೊಟ್ಟಿದೆ. ಆ ಸ್ವೀಕೃತಿಯ ಪ್ರತಿಯೊಂದನ್ನು ಸಭೆಯ ನಡವಳಿ ಪುಸ್ತಕಕ್ಕೆ ಸೇರಿಸಲು ಕಾರ್ಯದರ್ಶಿಗಳಿಗೆ ಹೇಳಿ, ಮಗುವಿನ ಹೆಸರು ಮಾತ್ರ ನಡವಳಿಯಲ್ಲಿ ಬರಕೂಡದು.