ಸಿವುಡು, ಕಂತೆ, ಕಟ್ಟು: ಮೃಗಾಲಯದ ಆಹಾರಪಟ್ಟಿಗೆ ಯಾವ ಮಾತು?

ಬಳಗದವರಿಗೆಲ್ಲ ನಮಸ್ಕಾರ.

ಮೃಗಾಲಯವೊಂದಕ್ಕಾಗಿ ಪ್ರಾಣಿಗಳ ಆಹಾರದ ಲೆಕ್ಕ ಇಡುವ ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸವನ್ನು ಎರಡು ತಿಂಗಳಿಂದ ತುಮಕೂರಿನ ಮನೆಯಲ್ಲಿ ಕೂತು ಮಾಡುತ್ತಿದ್ದೇನೆ. ಯಾವ ಪ್ರಾಣಿಗೆ ಏನು ಹಾಕಿದೆವು, ಎಷ್ಟು ಹಾಕಿದೆವು ಅನ್ನುವುದನ್ನು ಪ್ರಾಣಿಪಾಲಕರು ಮೊಬೈಲಿನಲ್ಲೇ ತುಂಬಬೇಕು. ಆಹಾರದ ಪಟ್ಟಿ ಒಂದು ಕಡೆ, ಅಳತೆಯ ಪಟ್ಟಿ ಇನ್ನೊಂದು ಕಡೆ. ಗ್ರಾಂ, ಕೆ.ಜಿ., ಲೀಟರ್ ಮೊದಲೇ ಇವೆ. ಬೇರೆ ಅಳತೆ ಬೇಕಿದ್ದರೆ ನಾವೇ ಸೇರಿಸಬೇಕು, ಸೇರಿಸಿದ ಮೇಲೆ ಆ ಆಹಾರದಲ್ಲಿ ಆ ಅಳತೆ ಎಷ್ಟು ಗ್ರಾಂ ಅಂತಲೂ ಬರೆಯಬೇಕು. ಪ್ರೋಟೀನು, ನಾರು, ಕ್ಯಾಲ್ಸಿಯಂ ಎಲ್ಲದರ ಲೆಕ್ಕವೂ ಆ ಗ್ರಾಮಿನ ಮೇಲೆ ನಿಂತಿರುತ್ತದೆ.

ನನಗೆ ಸಿಕ್ಕ ಮೊದಲ ಕರಡಿನಲ್ಲಿ ಕಟ್ಟಿಡಬಹುದಾದ ಎಲ್ಲಕ್ಕೂ 'ಕಟ್ಟು' ಎಂದೇ ಬರೆದಿತ್ತು. ಕೊತ್ತಂಬರಿ ಕಟ್ಟು, ಕಬ್ಬಿನ ಕಟ್ಟು, ಹುಲ್ಲಿನ ಕಟ್ಟು, ಬಾಳೆಹಣ್ಣಿನ ಕಟ್ಟು. ಬಾಳೆಹಣ್ಣನ್ನು ಯಾರು ಕಟ್ಟಿನಲ್ಲಿ ಎಣಿಸುತ್ತಾರೆ? ಅದಕ್ಕೆ ಚಿಪ್ಪು ಇದೆ, ಗೊನೆ ಇದೆ. ಕಬ್ಬಿಗೆ ಜಲ್ಲೆ, ಹಲಸಿಗೆ ತೊಳೆ, ದ್ರಾಕ್ಷಿಗೆ ಗೊಂಚಲು, ಹಸಿ ತೆಂಗಿನಕಾಯಿಗೆ ಹೋಳು, ಒಣಗಿ ಕೊಬ್ಬರಿಯಾದರೆ ಗಿಟುಕು. ನಮ್ಮ ಅಳತೆಯ ಮಾತುಗಳು ಆಯಾ ಪದಾರ್ಥಕ್ಕೇ ಅಂಟಿಕೊಂಡಿವೆ. ಈ ತಂತ್ರಾಂಶ ಕೇಳುತ್ತಿರುವುದೂ ಅದನ್ನೇ: ಪ್ರತಿ ಆಹಾರಕ್ಕೂ ಅದರದೇ ಅಳತೆ, ಅದರದೇ ತೂಕ. ಹಾಗಾಗಿ ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಅನ್ನುವ ಹಾದಿ ಬಿಟ್ಟು, ಆಹಾರದಿಂದ ಹೊರಟು ಅಳತೆಗೆ ಬರುತ್ತಿದ್ದೇನೆ. ಹೀಗೆ ಮಾಡಿದ್ದರಿಂದ ಪಟ್ಟಿಯ ಬಹುಪಾಲು ಸಲೀಸಾಗಿ ಮುಗಿಯಿತು. ಸಿಕ್ಕಿಕೊಂಡಿರುವುದು ಹುಲ್ಲಿನಲ್ಲಿ.

ರಾಗಿ ಹುಲ್ಲಿನ ಕಟ್ಟಿಗೆ 'ಸಿವುಡು' ಎಂದು ಬರೆದು, ಮಧುಗಿರಿ ಕಡೆಯ ಊರಿನಲ್ಲಿರುವ ಅಪ್ಪನಿಗೆ ಓದಿ ಹೇಳಿದೆ. ಅವರು ಒಪ್ಪಲಿಲ್ಲ. "ತೆನೆ ಇದ್ದಾಗ ಸಿವುಡು ಕಣಮ್ಮ. ಕುಯ್ದು ಅರಿ ಹಾಕ್ತೀವಿ, ಅರಿ ಸೇರಿಸಿ ಸಿವುಡು ಕಟ್ತೀವಿ, ಮೆದೆ ಒಟ್ತೀವಿ. ಕಣದಾಗೆ ಒಕ್ಕಿದ ಮೇಲೆ ಅದು ಬರೀ ಹುಲ್ಲು. ಹೊರೆ ಅನ್ನು, ಕಂತೆ ಅನ್ನು, ಸಿವುಡು ಅನ್ನಬ್ಯಾಡ." ನೆಲ್ಲುಲ್ಲಿನ, ಅಂದರೆ ಭತ್ತದ ಹುಲ್ಲಿನ, ಮಾತು ಬೇರೆಯಂತೆ. ಕೈಯಲ್ಲಿ ಹಿಡಿದು ಬಡಿದರೆ ಕಟ್ಟು ಬಿಚ್ಚುವುದಿಲ್ಲ, ಹಾಗಾಗಿ ಅದು ಕಾಳು ಉದುರಿದ ಮೇಲೂ ಸಿವುಡಾಗಿಯೇ ಉಳಿಯುತ್ತದೆ. ನಮ್ಮತ್ತೆಯವರು ಮುಳಬಾಗಿಲು ಕಡೆಯವರು, ಮನೆಯಲ್ಲಿ ತೆಲುಗು. ಅವರಿಗೆ ತಲೆಯ ಮೇಲೆ ಹೊರುವುದೆಲ್ಲ ಮೋಪು. ಸಿವುಡು ಎಂದರೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಈಗ ಯಂತ್ರದಲ್ಲಿ ಒತ್ತಿ ಕಟ್ಟಿದ ಹುಲ್ಲಿಗೆ ಪೆಂಡಿ ಎಂಬ ಮಾತು ಓಡಾಡುತ್ತಿದೆ, ಮೃಗಾಲಯಕ್ಕೂ ಹುಲ್ಲು ಬರುವುದು ಹೆಚ್ಚಾಗಿ ಹಾಗೆಯೇ. ನನ್ನ ಒಲವು ಹೀಗಿದೆ: ಯಂತ್ರದ್ದಕ್ಕೆ ಪೆಂಡಿ, ಕೈಯಲ್ಲಿ ಕಟ್ಟಿದ್ದಕ್ಕೆ ಕಂತೆ. ಆದರೂ ಅಪ್ಪ ಹೇಳಿದ ತೆನೆಯ ಭೇದ ಎಲ್ಲ ಕಡೆ ಇದೆಯೋ, ನಮ್ಮ ಸೀಮೆಗಷ್ಟೇ ಸೇರಿದ್ದೋ ತಿಳಿಯಬೇಕು. ಕೋಲಾರ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯವರು ದಯವಿಟ್ಟು ಹೇಳಿ.

ಇದಕ್ಕಿಂತ ದೊಡ್ಡ ತೊಡಕು 'ಹುಲ್ಲು' ಅನ್ನುವ ಪದದಲ್ಲೇ ಇದೆ. ಇಂಗ್ಲಿಷಿನಲ್ಲಿ ಮೂರು ಬೇರೆ ಪದಗಳಿವೆ. ಹಸಿಯಾಗಿ ನೆಲದಲ್ಲಿ ನಿಂತದ್ದು ಗ್ರಾಸ್, ಹಸಿರಿದ್ದಾಗಲೇ ಕುಯ್ದು ಒಣಗಿಸಿದ್ದು ಹೇ, ಕಾಳು ಒಕ್ಕಿದ ಮೇಲೆ ಉಳಿದ ದಂಟು ಸ್ಟ್ರಾ. ನಮಗೆ ಮೂರೂ ಹುಲ್ಲು. ಹಸಿ, ಒಣ ಅಂತ ಮುಂದೆ ಸೇರಿಸಿದರೆ ಮೊದಲನೆಯದು ಬೇರೆಯಾಗುತ್ತದೆ, ಉಳಿದೆರಡೂ 'ಒಣಹುಲ್ಲು' ಆಗಿ ಒಂದರೊಳಗೊಂದು ಸೇರಿಬಿಡುತ್ತವೆ. ಇದು ಬರೀ ಪದದ ಚೊಕ್ಕತನದ ಪ್ರಶ್ನೆಯಲ್ಲ. ನೆಲ್ಲುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು. ಚೆನ್ನಾಗಿ ಒಣಗಿಸಿದ ಕುದುರೆಮಸಾಲೆ ಎಂಬ ಮೇವಿನ ಸೊಪ್ಪಿನಲ್ಲಿ ಹದಿನೈದು ದಾಟುತ್ತದೆ. ಪಾಲಕರು 'ಒಣಹುಲ್ಲು, 2 ಕೆ.ಜಿ.' ಎಂದು ಒತ್ತಿದರೆ ಜಿಂಕೆಯ ಹೊಟ್ಟೆಗೆ ಹೋದದ್ದು ಯಾವುದು?

ಅಪ್ಪನನ್ನು ಕೇಳಿದಾಗ 'ಕರಡ' ಎಂಬ ಮಾತು ಕೊಟ್ಟರು. ಬಿತ್ತದೆ ಬೆಳೆದು ಒಣಗಿದ ಹುಲ್ಲು ಅದು. ಕೇಳಿ ಬಹಳ ಖುಷಿಯಾಯಿತು. ನಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶ ಇದೆಯಲ್ಲ, ಅಲ್ಲಿ ಬೇಸಿಗೆಯಲ್ಲಿ ಅವು ಬಯಲಿನ ಒಣಹುಲ್ಲಿಗೆ ಬಾಯಿ ಹಾಕುವುದನ್ನು ನೋಡಿದವಳು ನಾನು. ಆದರೆ ಆಮೇಲೆ ಯೋಚಿಸಿದರೆ ಕರಡ ಪೂರ್ತಿ ಹೊಂದುವುದಿಲ್ಲ. ಕರಡ ನಿಂತಲ್ಲೇ ಬಲಿತು, ಬೀಜ ಉದುರಿಸಿ ಒಣಗಿದ್ದು, ಅದರ ಸಾರವೆಲ್ಲ ಹೋಗಿರುತ್ತದೆ. ಇಲ್ಲಿ ಬೇಕಾದದ್ದು ಸಾರ ಇರುವಾಗಲೇ ಕುಯ್ದು ನೆರಳಲ್ಲೋ ಬಿಸಿಲಲ್ಲೋ ಆರಿಸಿದ್ದು. ಇನ್ನೊಂದು ಕಷ್ಟ, ಮೊಬೈಲಿನ ಚಿಕ್ಕ ಅಕ್ಷರದಲ್ಲಿ 'ಕರಡ' ಮತ್ತು 'ಕರಡಿ' ಒಂದರ ಕೆಳಗೊಂದು ಬಂದರೆ ಕಣ್ಣು ತಪ್ಪುವುದು ಖಂಡಿತ, ಕರಡಿಯೂ ಅದೇ ತಂತ್ರಾಂಶದಲ್ಲಿ ಇದೆ. ಸದ್ಯಕ್ಕೆ 'ಆರಿಸಿದ ಹುಲ್ಲು', 'ಒಕ್ಕಿದ ಹುಲ್ಲು' ಎಂದು ಇಟ್ಟಿದ್ದೇನೆ. ಆರಿಸು ಅಂದರೆ ಹೆಕ್ಕುವುದು ಅಂತಲೂ ಆಗುತ್ತದಲ್ಲ, ಅದೊಂದು ಅಳುಕು ಇದ್ದೇ ಇದೆ.

ಸೇರಿನ ವಿಷಯ ನಾನೇ ತೀರ್ಮಾನಿಸಿಬಿಟ್ಟೆ, ಬೇಜಾರಾದವರು ಬೈಯಿರಿ. ಹಳೆಯ ಪಾಲಕರ ಪುಸ್ತಕದಲ್ಲಿ ರಾಗಿ, ಹುರುಳಿ, ಬೂಸ ಎಲ್ಲವೂ ಸೇರಿನಲ್ಲೇ ಇವೆ. ಆದರೆ ಸೇರು ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು. ತೂಕದಲ್ಲೇ 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ, 80 ತೊಲದ ಸೇರು 933 ಗ್ರಾಂ. ಪಾತ್ರೆಯಲ್ಲಿ ಅಳೆದರಂತೂ ಒಂದು ಲೀಟರ್ ರಾಗಿ ಮುಕ್ಕಾಲು ಕೆ.ಜಿ. ಆಸುಪಾಸು ತೂಗುತ್ತದೆ, ಅಷ್ಟೇ ಬೂಸ ಅದರ ಅರ್ಧವೂ ತೂಗುವುದಿಲ್ಲ. ಸೇರು ಎಂಬ ಮಾತು ನನಗೆ ಪ್ರೀತಿಯದೇ, ಆದರೆ ಪ್ರಾಣಿಯ ಹೊಟ್ಟೆಯ ಲೆಕ್ಕದಲ್ಲಿ ಅದಕ್ಕೆ ಜಾಗ ಕೊಡಲಾರೆ.

ನೀರಿನಂಶ ಕಳೆದು ಹಿಡಿಯುವ ತೂಕಕ್ಕೆ 'ಶುಷ್ಕಾಂಶ' ಬೇಡ, 'ಒಣತೂಕ' ಸಾಕು. ಒಂದು ಕೆ.ಜಿ. ಹಸಿ ಸೊಪ್ಪಿನಲ್ಲಿ ಒಣತೂಕ ನೂರು ಗ್ರಾಂ ಆಸುಪಾಸು ಎಂದರೆ ಯಾರಿಗೂ ತಿಳಿಯುತ್ತದೆ.

ಕೊನೆಯ ಪ್ರಶ್ನೆ. ಹಾಕಿದ್ದರಲ್ಲಿ ಪ್ರಾಣಿ ಬಿಟ್ಟದ್ದನ್ನು ಮರುದಿನ ತೂಗಿ ಬರೆಯಬೇಕು. ಆ ಅಂಕಣಕ್ಕೆ ಏನೆನ್ನಲಿ? 'ಎಂಜಲು' ನಾವು ಉಂಡು ಬಿಟ್ಟದ್ದು, 'ಉಳಿಕೆ' ಎಂದರೆ ಉಗ್ರಾಣದಲ್ಲಿ ಉಳಿದಿರುವ ದಾಸ್ತಾನು ಎಂದು ಪಾಲಕರೊಬ್ಬರು ತಿಳಿದು ಹಾಗೆಯೇ ತುಂಬಿಬಿಟ್ಟರು. ದನ ಆಯ್ದು ತಿಂದು, ತುಳಿದು, ಗೊಂತಿನಲ್ಲಿ ಬಿಟ್ಟ ಕಡ್ಡಿ ಇರುತ್ತದಲ್ಲ, ಬೆಳಿಗ್ಗೆ ಗುಡಿಸುವಾಗ ನಿಮ್ಮ ಮನೆಯಲ್ಲಿ ಅದನ್ನು ಏನನ್ನುತ್ತಿದ್ದರು? ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.