ಗ್ಲೈಡರ್ ನ್ಯಾವಿಗೇಶನ್‌ಗೆ ಫೋನ್ ಸಾಕಾ, ಬೇರೆ ಸಾಧನ ಬೇಕಾ?

ಗೋಣಿಕೊಪ್ಪದವ:
ಅಣ್ಣ ಜರ್ಮನಿಯಲ್ಲಿದ್ದಾನೆ. ಆಗಸ್ಟ್‌ನಲ್ಲಿ ಮತ್ತೆ ಅವನ ಕ್ಲಬ್‌ಗೆ ಹೋಗಿ ಹಾರಬೇಕು, ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಎಎಸ್‌ಕೆ 21. ಹಳೆ ಆಂಡ್ರಾಯ್ಡ್ ಫೋನಿಗೆ ಎಕ್ಸ್‌ಸಿಸೋರ್ ಅನ್ನೋ ಗ್ಲೈಡರ್ ನ್ಯಾವಿಗೇಶನ್ ಆ್ಯಪ್ ಹಾಕಿ, ಏಪ್ರಿಲ್‌ನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದೆ. ದಾರಿ, ಎತ್ತರ ಎಲ್ಲಾ ಸರಿಯಾಗೇ ತೋರಿಸಿತು, ಆದರೆ ಬಿಸಿಲು ಬಿದ್ದರೆ ಸ್ಕ್ರೀನ್ ಕಾಣಲ್ಲ, ಅರ್ಧ ಗಂಟೆಯಲ್ಲಿ ಫೋನ್ ಕಾದು ಬೆಳಕು ತಾನೇ ಇಳಿಸಿಕೊಂಡಿತು. ಅದರ ಬದಲು ಎಲ್‌ಕೆ8000 ಆ್ಯಪ್ ಹಾಕಲಾ? ಅಥವಾ ದುಡ್ಡು ಕೊಟ್ಟು ದೊಡ್ಡ ಸಾಧನವನ್ನೇ ತಗೊಳ್ಳಲಾ?

ಮಡಿಕೇರಿ ಮಂಜು:
ಸಾಫ್ಟ್‌ವೇರ್ ಬದಲಿಸಿ ಏನೂ ಆಗಲ್ಲ. ಎಲ್‌ಕೆ8000 ಹುಟ್ಟಿದ್ದೇ ಎಕ್ಸ್‌ಸಿಸೋರ್‌ನಿಂದ, ಎರಡಕ್ಕೂ ದುಡ್ಡಿಲ್ಲ, ಕೈಗೆ ಕೂತಿದ್ದನ್ನೇ ಇಟ್ಟುಕೊಳ್ಳಿ. ಮೊದಲು ಗ್ಲೈಡರ್‌ನಲ್ಲಿ ಫ್ಲಾರ್ಮ್ (ಡಿಕ್ಕಿ ಆಗದಂತೆ ಎಚ್ಚರಿಸುವ ಸಾಧನ) ಇದೆಯಾ ಕೇಳಿ. ಅದರೊಳಗೇ ಜಿಪಿಎಸ್ ಇರುತ್ತದೆ, ಒಂದು ಬ್ಲೂಟೂತ್ ಅಡಾಪ್ಟರ್ ಹಾಕಿದರೆ ಜಾಗ, ಎತ್ತರ, ಸುತ್ತಲಿನ ಗ್ಲೈಡರ್‌ಗಳು ಎಲ್ಲಾ ಫೋನಿಗೆ ಬರುತ್ತದೆ.

ಫೋನಿನ ಒತ್ತಡ ಸೆನ್ಸರನ್ನು ವೇರಿಯೋ (ಎಷ್ಟು ವೇಗವಾಗಿ ಏರುತ್ತಿದ್ದೇವೆ, ಇಳಿಯುತ್ತಿದ್ದೇವೆ ಅಂತ ತೋರಿಸುವ ಮೀಟರ್) ಅಂತ ನಂಬಬೇಡಿ. ಕ್ಯಾನೊಪಿಯ (ತಲೆ ಮೇಲಿನ ಪಾರದರ್ಶಕ ಮುಚ್ಚಳದ) ಕಿಟಕಿ ತೆಗೆದರೆ ಕಾಕ್‌ಪಿಟ್ ಒತ್ತಡ ಬದಲಾಗುತ್ತದೆ, 1 ಹೆಕ್ಟೋಪಾಸ್ಕಲ್ ಒತ್ತಡದ ವ್ಯತ್ಯಾಸ ಅಂದರೆ ಸುಮಾರು 8-9 ಮೀಟರ್ ಎತ್ತರ! ಇನ್ನೊಂದು, ಸ್ಟಿಕ್ ಎಳೆದರೆ ವೇಗ ಇಳಿದು ಗ್ಲೈಡರ್ ಸ್ವಲ್ಪ ಏರುತ್ತದೆ ಅಲ್ವಾ, ಅದನ್ನೂ ಥರ್ಮಲ್ (ಮೇಲೇರುವ ಬಿಸಿಗಾಳಿ) ಅಂದುಕೊಂಡು ಫೋನ್ ಪೀಂಪೀಂ ಅನ್ನುತ್ತದೆ. ಕ್ಲಬ್ಬಿನ ವೇರಿಯೋಗೆ ಈ ತಪ್ಪನ್ನು ಸರಿದೂಗಿಸುವ ಟೋಟಲ್ ಎನರ್ಜಿ ಟ್ಯೂಬ್ ಜೋಡಿಸಿರುತ್ತಾರೆ, ಅದನ್ನೇ ನೋಡಿ.

ಹಳೇ ಬ್ಯಾಟರಿ:
ಬಿಸಿಲಿಗೆ ನನ್ನ ಮದ್ದು ಕೋಬೋ. ಹೌದು, ಪುಸ್ತಕ ಓದುವ ಕೋಬೋನೇ, ಕೆಲವು ಹಳೆ ಮಾಡೆಲ್‌ಗಳಲ್ಲಿ ಎಕ್ಸ್‌ಸಿಸೋರ್ ಓಡುತ್ತದೆ. ಇ-ಇಂಕ್ ಪರದೆ, ಬಿಸಿಲು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ, ಕರೆಂಟೂ ಕಮ್ಮಿ ಎಳೆಯುತ್ತದೆ. ಬಣ್ಣ ಇಲ್ಲ, ಒಳಗೆ ಜಿಪಿಎಸ್ಸೂ ಇಲ್ಲ, ಹೊರಗಿನಿಂದ ವೈರ್ ಹಾಕಬೇಕು. ನಾನು ಟಿಎಕ್ಸ್‌ಗೆ (ಡೇಟಾ ಕಳಿಸುವ ವೈರ್) ಟಿಎಕ್ಸ್ ಬೆಸುಗೆ ಹಾಕಿ ಎರಡು ಸಂಜೆ ಹಾಳು ಮಾಡಿದೆ. ಟಿಎಕ್ಸ್ ಹೋಗಬೇಕಾದ್ದು ಆರ್‌ಎಕ್ಸ್‌ಗೆ (ಡೇಟಾ ತಗೊಳ್ಳುವ ವೈರ್), ಬಾಡ್ ರೇಟ್ (ಡೇಟಾ ಹೋಗುವ ವೇಗ) ಎರಡು ಕಡೆಯೂ ಒಂದೇ ಇರಬೇಕು. ಗ್ಲೈಡರ್ ಬ್ಯಾಟರಿ 12 ವೋಲ್ಟ್, ನಡುವೆ 5 ವೋಲ್ಟ್ ಕನ್ವರ್ಟರ್, ಫ್ಯೂಸ್ ಇಲ್ಲದೆ ಕೈ ಹಾಕಬೇಡಿ.

ಗೋಣಿಕೊಪ್ಪದವ:
ಬೆಸುಗೆ ಕೆಲಸ ನನಗೆ ಆಗಲ್ಲ ಅಣ್ಣಾ. ಈ ಮಳೆಯಲ್ಲಿ ಮನೆಯಲ್ಲೇ ಕೂತು ಕಲಿಯೋಕೆ ದಾರಿ ಇದೆಯಾ?

ಮಡಿಕೇರಿ ಮಂಜು:
ಕಾಂಡೋರ್ ಅನ್ನೋ ಗ್ಲೈಡರ್ ಸಿಮ್ಯುಲೇಟರ್, ಕಂಪ್ಯೂಟರಿನಲ್ಲಿ ಓಡುತ್ತದೆ. ಅದು ಎನ್‌ಎಂಇಎ ಡೇಟಾ (ಜಿಪಿಎಸ್ ಸಾಧನಗಳು ಬಳಸುವ ಮಾದರಿ) ಹೊರಗೆ ಕಳಿಸುತ್ತದೆ, ಎಕ್ಸ್‌ಸಿಸೋರ್‌ನಲ್ಲಿ ಕಾಂಡೋರ್‌ಗೆ ಅಂತಲೇ ಡ್ರೈವರ್ ಇದೆ. ಎಕ್ಸ್‌ಸಿಸೋರ್ ಶುರುವಿನಲ್ಲಿ ಸಿಮ್ಯುಲೇಟರ್ ಅಂತ ಒತ್ತಬೇಡಿ, ಫ್ಲೈ ಒತ್ತಿ, ಇಲ್ಲದಿದ್ದರೆ ಡೇಟಾನೇ ತಗೊಳ್ಳಲ್ಲ.

ಪೋಲಾರ್ (ಯಾವ ವೇಗಕ್ಕೆ ಗ್ಲೈಡರ್ ಎಷ್ಟು ಇಳಿಯುತ್ತದೆ ಅನ್ನೋ ಲೆಕ್ಕ) ಮಾತ್ರ ಎಎಸ್‌ಕೆ 21ರದ್ದೇ ಇರಲಿ. ಅದರ ಗ್ಲೈಡ್ ಅನುಪಾತ ಸುಮಾರು 34, ಅಂದರೆ ಗಾಳಿ ಸುಮ್ನೆ ಇದ್ದಾಗ 1000 ಮೀಟರ್ ಎತ್ತರಕ್ಕೆ 34 ಕಿಲೋಮೀಟರ್, ಅದೂ ಕಾಗದದ ಮೇಲೆ. ನಾನು ಒಂದು ಸಲ ಆ್ಯಪ್‌ನಲ್ಲಿ ರೇಸಿಂಗ್ ಗ್ಲೈಡರಿನ ಪೋಲಾರನ್ನು ಬದಲಿಸದೆ ಹಾಗೇ ಬಿಟ್ಟು ಹಾರಿದೆ. ಆರಾಮಾಗಿ ಮುಟ್ಟುತ್ತೀಯ ಅಂತ ಕೊನೇವರೆಗೂ ಹೇಳಿತು, ಇಳಿದದ್ದು ಯಾರದೋ ಹೊಲದಲ್ಲಿ. ಕಾಂಡೋರ್ ಆದ್ದರಿಂದ ಯಾರೂ ಬೈಯಲಿಲ್ಲ.

ಗೋಣಿಕೊಪ್ಪದವ:
ಅಣ್ಣನಿಗೆ ಕೇಳಿದೆ. ಫ್ಲಾರ್ಮ್ ಇದೆಯಂತೆ, ಆದರೆ ಅದರ ಪೋರ್ಟಿಗೆ ಆಗಲೇ ಒಂದು ಡಿಸ್‌ಪ್ಲೇ ಹಾಕಿದ್ದಾರಂತೆ. ಸ್ಪ್ಲಿಟರ್ ಹಾಕಬಹುದಾ?

ಹಳೇ ಬ್ಯಾಟರಿ:
ಹಾಕಬಹುದು. ಎರಡೂ ಕೇಳಿಸಿಕೊಳ್ಳಲಿ, ಫ್ಲಾರ್ಮ್‌ಗೆ ತಿರುಗಿ ಕಳಿಸುವ ವೈರ್ ಒಂದರದ್ದೇ ಇರಲಿ. ಮೊದಲು ಕ್ಲಬ್‌ನಲ್ಲಿ ಕೇಳಿ, ಅವರ ಗ್ಲೈಡರ್ ಅಲ್ವಾ.